ತಾನಾಗಿ ಹರಿಯುವ ಗೆರೆ

ಸಂಕ್ರಾಂತಿಯ ಹಬ್ಬಕ್ಕೆಂದು ನಾವು ಈಚೆಗೆ ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿದ್ದೆವು. ಹಬ್ಬದ ದಿನ ಇನ್ನೂ ಬೆಳಕು ಹರಿಯುವ ಮೊದಲೇ ಅತ್ತೆಯವರು ಸಗಣಿನೀರು ಹಾಕಿ ಸಾರಿಸಿದ ಅಂಗಳದಲ್ಲಿ ಕುಳಿತು ರಂಗೋಲೆ ಇಡುತ್ತಿದ್ದರು. ವಯಸ್ಸು ಎಪ್ಪತ್ತನ್ನು ದಾಟಿದೆ, ಕಣ್ಣು ಮಬ್ಬಾಗಿದೆ. ಆದರೂ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಬಿಳಿಯ ಪುಡಿ ಇಳಿಯುತ್ತಿದ್ದ ಬಗೆಯಲ್ಲಿ ತಡವರಿಕೆಯೆಂಬುದಿರಲಿಲ್ಲ. ಚುಕ್ಕಿಗಳ ಸಾಲು ಮುಗಿದೊಡನೆ ಒಂದು ಗೆರೆ ಹೊರಟಿತು. ಒಂದು ಚುಕ್ಕಿಯನ್ನು ಬಳಸಿ, ಇನ್ನೊಂದನ್ನು ಹಿಂದೆ ಬಿಟ್ಟು, ತನ್ನನ್ನು ತಾನೇ ದಾಟಿ, ಹೊರಟ ಎಡೆಗೇ ಬಂದು ಸೇರಿತು. ಈ ನಮೂನೆಯನ್ನು ಮೊದಲೇ ಮನಸ್ಸಿನಲ್ಲಿ ಯೋಚಿಸಿಕೊಂಡಿದ್ದಿರೇನು ಎಂದು ನಾವು ಪಂಡಿತರ ಧಾಟಿಯಲ್ಲಿ ಕೇಳಿದೆವು. “ನಂಗೇನ್ ಗೊತ್ತಪ್ಪಾ, ಕೈ ಎಂಗ್ ಓಯ್ತದೋ ಅಂಗೆ” ಎಂದು ಅವರು ತಲೆಯೆತ್ತದೆ ಉತ್ತರವಿತ್ತರು.

ಅದೇ ದಿನ ಅದೇ ಮನೆಯಲ್ಲಿ ಇನ್ನೊಂದು ಪ್ರಸಂಗ ಒದಗಿತು. ಅತ್ತೆಯವರ ಮಗ ತನ್ನ ಹನ್ನೆರಡು ವರ್ಷದ ಹುಡುಗನ ಗಣಿತದ ಪುಸ್ತಕವನ್ನು ತಂದು ನಮ್ಮ ಮುಂದೆ ಇಟ್ಟನು. ಲೆಕ್ಕಗಳ ಅಂಚಿನಲ್ಲಿ, ಕೆಲವೆಡೆ ಲೆಕ್ಕಗಳ ಮೇಲೆಯೇ, ಎತ್ತುಗಳಿದ್ದವು, ಓಡುವ ನಾಯಿಗಳಿದ್ದವು, ರೇಷ್ಮೆಹುಳುವಿನ ತಟ್ಟೆಯ ಮುಂದೆ ಬಾಗಿ ಸೊಪ್ಪು ಹರಡುತ್ತಿದ್ದ ಹೆಂಗಸೊಬ್ಬಳಿದ್ದಳು. ಪುಟದ ಕೆಳಗೆ ಉಪಾಧ್ಯಾಯರ ಕೆಂಪು ಶಾಯಿಯ ಷರಾ ಕಠಿಣವಾಗಿಯೇ ಇತ್ತು. “ನೀವು ಓದಿದೋರು ಭಾವ, ಇದ್ನ ಬುಡ್ಸೋದೆಂಗೆ ಯೋಳಿ” ಎಂದನು ತಂದೆ. ಹುಡುಗನು ಕಂಬಕ್ಕೆ ಒರಗಿ ನಮ್ಮ ಮುಖವನ್ನೇ ನೋಡುತ್ತಿದ್ದನು. ನಮಗೆ ಕೂಡಲೇ ಉತ್ತರ ತೋರಲಿಲ್ಲ. ತೋರದಿದ್ದುದಕ್ಕೆ ನಮ್ಮದೇ ಒಂದು ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇವೆ.

ಕೈ ಹೋದಂತೆ ಎಳೆದ ಗೆರೆಗೆ ಬೆಲೆಯೇನು? ಈ ಪ್ರಶ್ನೆಗೆ ನಮ್ಮ ವಿದ್ಯಾವಂತ ಸಮಾಜದಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಅದು ಕೆಲಸವಿಲ್ಲದ ಕೈಯ ಚೇಷ್ಟೆ ಎಂಬುದು ಒಂದು. ಅದು ದೈವದತ್ತವಾದ ಪ್ರತಿಭೆ, ಅದಕ್ಕೆ ಶಿಕ್ಷಣದ ಗಾಳಿ ತಾಕಿದರೆ ಬಾಡಿಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಶಾಲೆಯವರ ಮಾತು, ಎರಡನೆಯದು ರಸಿಕರ ಮಾತು. ಎರಡನ್ನೂ ಒಪ್ಪದೆ ನಡೆದ ಒಬ್ಬ ಕನ್ನಡ ನಾಡಿನ ಚಿತ್ರಕಾರರಿದ್ದರು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಹೆಸರನ್ನು ಕೇಳದವರು ನಗರದ ಶ್ರೋತೃಗಳಲ್ಲಿ ವಿರಳ; ಆದರೆ ಅವರ ಗೆರೆಯನ್ನು ನಿಂತು ನೋಡಿದವರೂ ವಿರಳವೆಂದೇ ನಮ್ಮ ಶಂಕೆ.

ಹೆಬ್ಬಾರರ ವಿಷಯಕ್ಕೆ ಬರುವ ಮೊದಲು ವಂಗದೇಶದ ಒಂದು ಹಸ್ತಪ್ರತಿಯನ್ನು ನೆನೆಯಬೇಕು. 1924ರಲ್ಲಿ ರವೀಂದ್ರನಾಥ ಠಾಕೂರರು ‘ಪೂರಬಿ’ಯ ಕವಿತೆಗಳನ್ನು ಬರೆಯುತ್ತಿದ್ದಾಗ, ಬೇಡವೆಂದು ಹೊಡೆದುಹಾಕಿದ ಶಬ್ದಗಳ ಮೇಲೆ ಲೇಖನಿಯನ್ನು ಮತ್ತೆ ಮತ್ತೆ ಆಡಿಸಿ, ಒಂದು ಕಾಟನ್ನು ಇನ್ನೊಂದು ಕಾಟಿಗೆ ಗೆರೆಯಿಂದ ಕೂಡಿಸುತ್ತ ಹೋದರು. ಹಾಗೆ ಕೂಡಿದ ಕಾಟುಗಳಿಂದ ಕೊಕ್ಕುಳ್ಳ ಹಕ್ಕಿಗಳೂ, ಹೆಸರಿಲ್ಲದ ಮೃಗಗಳೂ ಎದ್ದುಬಂದವು. ತಪ್ಪುಗಳೇ ಚಿತ್ರಗಳಾದವು ಎನ್ನಬಹುದು. 1930ರ ಮೇ ತಿಂಗಳಲ್ಲಿ, ಅರವತ್ತೊಂಬತ್ತರ ಹೊಸ್ತಿಲಲ್ಲಿದ್ದ ಕವಿಯ ಚಿತ್ರಗಳು ಪ್ಯಾರಿಸ್ ನಗರದಲ್ಲಿ ಪ್ರದರ್ಶಿತವಾದವು. ಅದೇ 1924ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಆಂದ್ರೆ ಮಾಸೋ ಎಂಬ ಚಿತ್ರಕಾರನು, ಬುದ್ಧಿಯ ಹಿಡಿತವನ್ನು ಬೇಕೆಂದೇ ಸಡಿಲಿಸಿ, ಮನಸ್ಸಿನ ಅಡಿಯಲ್ಲಿ ಅವಿತಿರುವುದನ್ನು ಹೊರತರಲೆಂದು ಲೇಖನಿಯನ್ನು ಕಾಗದದ ಮೇಲೆ ಸ್ವೇಚ್ಛೆಯಾಗಿ ಹರಿಯಬಿಡುತ್ತಿದ್ದನು. ಫ್ರೆಂಚರು ಅದಕ್ಕೊಂದು ಸಿದ್ಧಾಂತವನ್ನು ಕಟ್ಟಿದರು, ಠಾಕೂರರು ಕಟ್ಟಲಿಲ್ಲ. ಆದರೆ ಠಾಕೂರರ ಕೈ ಏನೂ ಅರಿಯದ ಕೈಯಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಅರ್ಧ ಶತಮಾನಕ್ಕೂ ಮಿಗಿಲಾಗಿ ಬಂಗಾಳಿ ಲಿಪಿಯ ತಿರುವುಗಳನ್ನು ಬರೆದು ಪಳಗಿದ ಕೈ ಅದು.

ಹೆಬ್ಬಾರರ ದಾರಿ ಇದಕ್ಕಿಂತ ಸುತ್ತಿನದು. ಅದರಿಂದಲೇ ನಮಗೆ ಹೆಚ್ಚು ಬೋಧಪ್ರದವಾದುದು. ಅವರು ಹುಟ್ಟಿದ್ದು 1911ರ ಜೂನ್ 15ರಂದು, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ. ತಂದೆಯವರು ಚೌತಿಗೆ ಮಣ್ಣಿನ ಗಣಪತಿಯನ್ನು ಮಾಡುತ್ತಿದ್ದರು. ಸುತ್ತಲಿನ ನಾಡು ಯಕ್ಷಗಾನದ ನಾಡು, ಭೂತದ ಕೋಲದ ನಾಡು. ನಾಗಮಂಡಲದ ರಾತ್ರಿಯಲ್ಲಿ ಬಿಳಿ, ಹಳದಿ, ಕೆಂಪು, ಹಸುರು, ಕಪ್ಪು ಪುಡಿಗಳಿಂದ ನೆಲದ ಮೇಲೆ ಸುತ್ತುಸುತ್ತಾಗಿ ಹೆಣೆದ ಹಾವನ್ನು ಬರೆದು, ಬೆಳಗಾಗುವುದರೊಳಗೆ ಅದರ ಮೇಲೆಯೇ ಕುಣಿದು ಅಳಿಸುವ ಜನರ ನಡುವೆ ಬೆಳೆದ ಹುಡುಗನಿಗೆ, ಗೆರೆಯೆಂಬುದು ನಡೆಯುವ ವಸ್ತು, ಕುಣಿಯುವ ವಸ್ತು ಎಂಬುದನ್ನು ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಆದರೆ ಪಾಠ ದೊರೆಯಿತು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ 1857ರಲ್ಲಿ ಆರಂಭವಾದುದು. ಅಲ್ಲಿನ ಕ್ರಮವು ಮೂಲತಃ ಇಂಗ್ಲೆಂಡಿನ ಕಲಾಶಾಲೆಗಳ ಕ್ರಮ. ವಿದ್ಯಾರ್ಥಿಯು ಗ್ರೀಕ್ ಮೂರ್ತಿಗಳ ಸುಣ್ಣದ ಅಚ್ಚುಗಳ ಮುಂದೆ ಕುಳಿತು, ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿ ತಿರುಗಿದೆ ಎಂಬುದನ್ನು ಅಳೆದು, ಉಜ್ಜಿ, ಅಳಿಸಿ, ಮತ್ತೆ ಉಜ್ಜಿ ಬರೆಯಬೇಕು. ಇದರಿಂದ ಕಣ್ಣಿಗೆ ನಿಷ್ಠೆ ಬರುತ್ತದೆ. ನಾವು ಇದನ್ನು ಹೀಗಳೆಯುವವರಲ್ಲ. ಆದರೆ ಈ ಶಿಕ್ಷಣದಲ್ಲಿ ಗೆರೆಗೆ ಸ್ವಂತ ಬಾಳೆಂಬುದಿಲ್ಲ. ಅದು ನೆರಳಿನ ಎಲ್ಲೆಯನ್ನು ತೋರಿಸಿ ಮರೆಯಾಗಬೇಕಾದ ಕಾವಲುಗಾರ. ಹೆಬ್ಬಾರರು 1938ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು. ಹೇಳಿಕೊಟ್ಟುದನ್ನು ಚೆನ್ನಾಗಿ ಕಲಿತವರು, ಕಲಿತುದನ್ನು ಇತರರಿಗೆ ಹೇಳಿಕೊಡುವ ಪೀಠದಲ್ಲಿ ಕುಳಿತವರು. ಇಂಥವರಿಗೆ ಅತೃಪ್ತಿ ಹುಟ್ಟುವುದು ಅಪರೂಪ, ಅವರಿಗೆ ಹುಟ್ಟಿತು.

ಆ ಅತೃಪ್ತಿಯು ಅವರನ್ನು ಮೊದಲು ಹಿಂದಕ್ಕೆ ಕರೆದೊಯ್ದಿತು. ಆನಂದ ಕುಮಾರಸ್ವಾಮಿಯವರ ಗ್ರಂಥಗಳನ್ನು ಓದಿ, ಅಜಂತೆಯ ಭಿತ್ತಿಗಳನ್ನೂ, ರಜಪೂತ ಮೊಗಲ ಚಿತ್ರಗಳನ್ನೂ, ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ಅವರು ನೋಡಿದರು. ಜೈನ ಪ್ರತಿಗಳಲ್ಲಿನ ಮನುಷ್ಯರನ್ನು ಕಂಡವರು ಮರೆಯಲಾರರು. ಮುಖ ಪಕ್ಕಕ್ಕೆ ತಿರುಗಿದೆ. ಆದರೂ ಆಚೆಯ ಕಣ್ಣು ಕೆನ್ನೆಯ ಗೆರೆಯನ್ನು ಮೀರಿ ಹೊರಕ್ಕೆ ಚಾಚಿಕೊಂಡು ನಮ್ಮನ್ನೇ ನೋಡುತ್ತದೆ. ಅಳತೆಯ ದೃಷ್ಟಿಯಿಂದ ಇದು ಅಶುದ್ಧ. ಆದರೆ ಅದನ್ನು ಬರೆದ ಗೆರೆ ತಂತಿಯಂತೆ ಬಿಗಿ; ಒಂದೇ ಉಸಿರಿನಲ್ಲಿ ಹುಬ್ಬಿನಿಂದ ಗಲ್ಲದವರೆಗೆ ಇಳಿದುದು. ಸುಣ್ಣದ ಅಚ್ಚಿನ ಮುಂದೆ ವರ್ಷಗಟ್ಟಲೆ ಕುಳಿತವನಿಗೆ ಇದೊಂದು ಬಿಡುಗಡೆಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಉಡುಪಿಗೆ ದೂರವಲ್ಲದ ಮೂಡಬಿದರೆಯ ಬಸದಿಯಲ್ಲಿಯೂ ಹೊಯ್ಸಳರ ಕಾಲದ ಸಚಿತ್ರ ಧವಲಾ ಓಲೆಗಳಿವೆ. ಮನೆಯ ಹಿತ್ತಲಿನಲ್ಲಿ ಇರುವುದನ್ನು ಕಾಣಲು ಎಷ್ಟೋ ವೇಳೆ ಮುಂಬಯಿಯವರೆಗೆ ಹೋಗಬೇಕಾಗುತ್ತದೆ.

ಎರಡನೆಯ ಪ್ರಭಾವವು ಬಂದ ದಾರಿ ವಿಚಿತ್ರವಾದುದು. ಪಾಲ್ ಗೋಗ್ಯಾಂ ಎಂಬ ಫ್ರೆಂಚ್ ಚಿತ್ರಕಾರನು ಯೂರೋಪಿನ ನಯನಾಜೂಕಿನಿಂದ ಬೇಸತ್ತು 1891ರಲ್ಲಿ ಶಾಂತಸಾಗರದ ತಾಹಿತಿ ದ್ವೀಪಕ್ಕೆ ಹೋಗಿ, ಅಲ್ಲಿನ ಕಂದುಮೈಯ ಜನರನ್ನು ಅಗಲವಾದ, ನೆರಳಿಲ್ಲದ ವರ್ಣಗಳಲ್ಲಿ ಬರೆದನು. ಅವನ ಚಿತ್ರಗಳನ್ನು ಪ್ಯಾರಿಸ್ಸಿನಲ್ಲಿ ಅಭ್ಯಾಸ ಮಾಡಿದವಳು ಅಮೃತಾ ಶೇರ್‌ಗಿಲ್. ತಂದೆ ಪಂಜಾಬಿನ ಸಿಖ್ಖರು, ತಾಯಿ ಹಂಗೇರಿಯವರು, ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟಿನಲ್ಲಿ. ಆಕೆ ಭಾರತಕ್ಕೆ ಬಂದು ಅಜಂತೆಯನ್ನು ಕಂಡು, ದಕ್ಷಿಣದಲ್ಲಿ ಸಂಚರಿಸಿ, 1937ರಲ್ಲಿ ದಕ್ಷಿಣದ ಹಳ್ಳಿಗರ ದೊಡ್ಡ ಚಿತ್ರಗಳನ್ನು ಬರೆದಳು. 1941ರಲ್ಲಿ, ಇನ್ನೂ ಇಪ್ಪತ್ತೆಂಟು ವರ್ಷದವಳಾಗಿರುವಾಗಲೇ, ಲಾಹೋರಿನಲ್ಲಿ ತೀರಿಕೊಂಡಳು. ಆಕೆಯ ಚಿತ್ರಗಳನ್ನು ಕಂಡ ಹೆಬ್ಬಾರರು ಮಲಬಾರಿಗೆ ಹೋದರು. ತಾಹಿತಿಯ ದ್ವೀಪದಿಂದ ಪ್ಯಾರಿಸ್ಸಿಗೆ, ಪ್ಯಾರಿಸ್ಸಿನಿಂದ ಸಿಮ್ಲೆಗೆ, ಅಲ್ಲಿಂದ ಮುಂಬಯಿಗೆ ಸುತ್ತಿ ಬಂದ ಒಂದು ದೃಷ್ಟಿಯ ಮೂಲಕ, ಕಟ್ಟಿಂಗೇರಿಯ ಈ ಕಲಾವಿದರು ತಮ್ಮ ಊರಿನ ನೆರೆಯ ಕರಾವಳಿಯನ್ನೇ ಹೊಸದಾಗಿ ಕಂಡರು! ಕೆಂಪುಮಣ್ಣು, ತೆಂಗಿನ ನೆರಳು, ಬಿಳಿಯ ಬಟ್ಟೆ, ಎಣ್ಣೆಗಪ್ಪು ಮೈ, ಇವೆಲ್ಲ ಈ ಕಾಲದ ಚಿತ್ರಗಳಲ್ಲಿ ತುಂಬಿವೆ. ನಿಜ ಹೇಳುವುದಾದರೆ, ಇವುಗಳಲ್ಲಿ ಕೆಲವನ್ನು ನೋಡುವಾಗ ನಮಗೆ ಹೆಬ್ಬಾರರಿಗಿಂತ ಅಮೃತಾ ಹೆಚ್ಚಾಗಿ ಕಾಣುತ್ತಾರೆ. ಸಾಲ ಇನ್ನೂ ಸಾಲವಾಗಿಯೇ ಇದೆ, ರಕ್ತಕ್ಕೆ ಇಳಿದಿಲ್ಲ.

ಅದು ರಕ್ತಕ್ಕೆ ಇಳಿದದ್ದು ಗೆರೆಯಲ್ಲಿ. ಇದೇ ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಬಣ್ಣದಲ್ಲಿ ಪರರ ರೀತಿಯನ್ನು ತೊಟ್ಟುಕೊಳ್ಳಬಹುದು, ಸ್ವಲ್ಪ ಜಾಣತನವಿದ್ದರೆ ಸಾಕು. ಆದರೆ ಅರ್ಧ ನಿಮಿಷದಲ್ಲಿ, ತಿದ್ದದೆ ಅಳಿಸದೆ ಎಳೆಯುವ ಗೆರೆಯಲ್ಲಿ ತೊಡಲು ಸಮಯವೆಲ್ಲಿ? ಕೈಯಲ್ಲಿ ಆಗಲೇ ಏನಿದೆಯೋ ಅದು ಮಾತ್ರ ಕಾಗದಕ್ಕೆ ಇಳಿಯುತ್ತದೆ. ಆದುದರಿಂದ ಸಹಜಚಿತ್ರಣವು ಶಿಕ್ಷಣದ ವೈರಿಯಲ್ಲ, ಅದರ ಪರೀಕ್ಷೆ. ಕಲಿತುದರಲ್ಲಿ ಎಷ್ಟು ನಮ್ಮದಾಯಿತು, ಎಷ್ಟು ಮೇಲೆಯೇ ಉಳಿಯಿತು ಎಂಬುದನ್ನು ಅದು ಮರೆಮಾಚದೆ ತಿಳಿಸುತ್ತದೆ.

ನಮ್ಮ ಸಂಗೀತವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಕಲ್ಪನಾಸ್ವರಗಳನ್ನು ಹಾಡುವ ವಿದ್ವಾಂಸನು ಮೊದಲೇ ಬರೆದಿಟ್ಟುಕೊಂಡು ಬರುವುದಿಲ್ಲ. ಆ ಕ್ಷಣಕ್ಕೆ ಹುಟ್ಟಿಸುತ್ತಾನೆ. ಆದರೆ ಅದರ ಹಿಂದೆ ಸರಳೆಯೂ ಜಂಟಿಯೂ ವರ್ಣಗಳೂ ಸಾವಿರಾರು ಬಾರಿ ಸುಳಿದಾಡಿ ಹೋಗಿವೆ. ಹೆಬ್ಬಾರರು ಈ ಸಾಮ್ಯವನ್ನು ಕೇವಲ ಉಪಮಾನವಾಗಿ ಬಿಡಲಿಲ್ಲ. ಲಯವೆಂದರೇನು ಎಂಬುದನ್ನು ಮೈಯಿಂದಲೇ ಅರಿಯಬೇಕೆಂದು, ಪಂಡಿತ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ರಂಗಕ್ಕೆ ಏರುವುದಕ್ಕಲ್ಲ, ಗೆರೆ ಎಳೆಯುವುದಕ್ಕೆ. ಕಥಕ್ ನರ್ತಕನು ಸುತ್ತು ಸುತ್ತುತ್ತ ಬಂದು, ತಾಳದ ಸಮದ ಮೇಲೆ ಕಂಬದಂತೆ ನಿಲ್ಲುತ್ತಾನೆ. ಆ ನಿಲುಗಡೆಯಲ್ಲಿ ಸುತ್ತಿದ ವೇಗವೆಲ್ಲ ಅಡಗಿರುತ್ತದೆ. ಹೆಬ್ಬಾರರ ರೇಖಾಚಿತ್ರದಲ್ಲಿ ಒಂದು ಗೆರೆ ನರ್ತಕಿಯ ಭುಜದಿಂದ ಹೊರಟು, ಸೊಂಟದಲ್ಲಿ ತಿರುಗಿ, ಲಂಗದ ಘೇರಿನಲ್ಲಿ ಹಿಗ್ಗಿ, ಪಾದದ ಬಳಿ ಥಟ್ಟನೆ ನಿಂತುಬಿಡುವುದನ್ನು ನೋಡಿದರೆ, ಅದನ್ನು ಎಳೆದವನ ಕಾಲಿಗೂ ಒಮ್ಮೆ ಗೆಜ್ಜೆ ತಾಕಿತ್ತೆಂಬುದು ತಿಳಿಯುತ್ತದೆ.

1949–50ರಲ್ಲಿ ಅವರು ಪ್ಯಾರಿಸ್ಸಿಗೆ ಹೋಗಿ ಅಕಾದಮಿ ಜೂಲಿಯಾಂ ಎಂಬ ಕಲಾಶಾಲೆಯಲ್ಲಿ ಅಭ್ಯಾಸ ನಡೆಸಿದರು. ಆ ವೇಳೆಗೆ ಅವರಿಗೆ ನಲವತ್ತು ಸಮೀಪಿಸುತ್ತಿತ್ತು. ಉಪಾಧ್ಯಾಯರಾಗಿದ್ದವರು ಪುನಃ ವಿದ್ಯಾರ್ಥಿಗಳ ಬೆಂಚಿನಲ್ಲಿ ಕುಳಿತರೆಂಬುದನ್ನು, ಅದೇ ವಯಸ್ಸಿನ ನಾವು, ಗೌರವದಿಂದಲೂ ಕೊಂಚ ಭಯದಿಂದಲೂ ನೆನೆಯುತ್ತೇವೆ. ಅಲ್ಲಿಂದ ಮರಳಿದ ಮೇಲೆ ಅವರ ತೈಲಚಿತ್ರಗಳಲ್ಲಿ ಬಣ್ಣ ದಪ್ಪವಾಯಿತು, ಮೇಲ್ಮೈ ಒರಟಾಯಿತು, ಬಡವರ ಹಸಿವೂ ದುಡಿಮೆಯೂ ವಸ್ತುವಾದವು. ಇವುಗಳಿಗೆ ಪ್ರಶಸ್ತಿಗಳು ಬಂದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವಗಳು ಸಂದವು. ಆದರೆ ನಮ್ಮ ರುಚಿಯನ್ನು ಕೇಳುವುದಾದರೆ, ಆ ದಪ್ಪ ಬಣ್ಣದ ಪಟಗಳಿಗಿಂತ ಅವುಗಳ ಜೊತೆಜೊತೆಗೆ, ಬಹುಶಃ ಪಟದ ಕೆಲಸದಿಂದ ದಣಿದ ಕೈಗೆ ವಿಶ್ರಾಂತಿಯೆಂಬಂತೆ, ಹುಟ್ಟುತ್ತ ಹೋದ ಮಸಿಯ ರೇಖಾಚಿತ್ರಗಳೇ ಹೆಚ್ಚು ಹಿತ. 1964ರಲ್ಲಿ ಇವು ‘ಹಾಡುವ ಗೆರೆ’ ಎಂಬ ಅರ್ಥದ ಇಂಗ್ಲೀಷು ಹೆಸರಿನ ಪುಸ್ತಕವಾಗಿ ಹೊರಬಂದವು.

ಇವುಗಳಲ್ಲಿ ಒಂದನ್ನು ನೋಡುವ ಬಗೆ ಹೇಗೆ? ಮೊದಲು ಗೆರೆ ಎಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಮೃದಂಗ ನುಡಿಸುವವನ ಬೆನ್ನು ಇದೆ, ತಲೆಯ ಓಲಾಟವಿದೆ, ಎರಡು ಕೈಗಳಿವೆ. ಹೊಟ್ಟೆಯ ಭಾಗದಲ್ಲಿ ಬರಿಯ ಕಾಗದ. ಆದರೂ ಅಲ್ಲಿ ಶರೀರವಿಲ್ಲವೆಂದು ನಮಗೆ ತೋರುವುದಿಲ್ಲ. ಬಿಳಿಯ ಜಾಗಕ್ಕೂ ಕೆಲಸ ಕೊಡುವ ಈ ಕಲೆಯನ್ನು ಚೀನಾ ಜಪಾನುಗಳ ಕುಂಚಕಾರರು ಶತಮಾನಗಳಿಂದ ಬಲ್ಲರು. ಬಳಿಕ ಗೆರೆಯ ದಪ್ಪವನ್ನು ನೋಡಬೇಕು. ಭಾರ ಬೀಳುವಲ್ಲಿ ಅದು ಹಿಗ್ಗುತ್ತದೆ, ತಿರುವಿನಲ್ಲಿ ಕೂದಲಿನಂತೆ ಸಣ್ಣಗಾಗುತ್ತದೆ. ಲೇಖನಿಯ ಒತ್ತಡವೇ ಅಲ್ಲಿ ನೆರಳು. ಕಲಾಶಾಲೆಯಲ್ಲಿ ಉಜ್ಜಿ ಉಜ್ಜಿ ಕಲಿತ ಶರೀರಜ್ಞಾನ, ಜೈನ ಪ್ರತಿಯ ಬಿಗುವು, ಪ್ಯಾರಿಸ್ಸಿನ ಧೈರ್ಯ, ಯಕ್ಷಗಾನದ ಮದ್ದಳೆ, ಎಲ್ಲವೂ ಅಲ್ಲಿವೆ. ಆದರೆ ಇದು ಇಲ್ಲಿಂದ ಬಂತು, ಅದು ಅಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಹೊರಗಿನ ಪ್ರಭಾವವೆಂದೊಡನೆ ನಮ್ಮಲ್ಲಿ ಕೆಲವರು ಮುಖ ಸಿಂಡರಿಸುವುದುಂಟು. ಅವರು ಕೆ. ವೆಂಕಟಪ್ಪನವರನ್ನು ಶುದ್ಧ ದೇಶೀಯತೆಯ ನಿದರ್ಶನವಾಗಿ ಮುಂದೊಡ್ಡುತ್ತಾರೆ. 1886ರಲ್ಲಿ ಹುಟ್ಟಿ 1965ರಲ್ಲಿ ತೀರಿಕೊಂಡ ಆ ಏಕಾಂತವಾಸಿಯು ಸ್ವಭಾವದಲ್ಲಿ ಹೆಬ್ಬಾರರಿಗೆ ತೀರ ವಿರುದ್ಧ. ಒಂದು ಸಣ್ಣ ಜಲವರ್ಣಚಿತ್ರಕ್ಕೆ ದೀರ್ಘಕಾಲ ಕಾದು ಕುಳಿತು, ಕೂದಲೆಳೆಯಷ್ಟೂ ಎಡವದೆ ಮುಗಿಸುವವರು. ಆದರೆ ಅವರು ಮೈಸೂರು ಅರಸರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಕಲಿತದ್ದು ಅವನೀಂದ್ರನಾಥ ಠಾಕೂರರಲ್ಲಿ. ಆ ಅವನೀಂದ್ರನಾಥರು, 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್‌ಸೋ ಎಂಬ ಜಪಾನಿನ ಚಿತ್ರಕಾರರಿಂದ, ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಂಜಿನಂತೆ ಹರಡುವ ವಿಧಾನವನ್ನು ಗ್ರಹಿಸಿದ್ದರು. ವೆಂಕಟಪ್ಪನವರ ಉದಕಮಂಡಲದ ಮಂಜನ್ನು ನಾವು ಮೆಚ್ಚುವಾಗ ಅದರಲ್ಲಿ ಜಪಾನಿನ ತೇವವೂ ಒಂದಿಷ್ಟು ಸೇರಿದೆಯೆಂಬುದನ್ನು ಅರಿತಿದ್ದರೆ ಒಳ್ಳೆಯದು. ಬೆಂಗಳೂರಿನಲ್ಲಿ ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯಲ್ಲಿಯೇ ಹೆಬ್ಬಾರರ ಕೃತಿಗಳಿಗೂ ಸ್ಥಾನ ದೊರೆತಿತು. ಹೆಬ್ಬಾರರು 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.

ಈಗ ನಮ್ಮ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ನಾವು ಇಂಗ್ಲೀಷು ತರಗತಿಯೊಂದರಲ್ಲಿ, ಕಾವ್ಯದಲ್ಲಿ ಸ್ವಯಂಸ್ಫೂರ್ತಿಯೆಂಬ ವಿಷಯದ ಮೇಲೆಯೇ, ಬಹು ಆವೇಶದಿಂದ ಉಪನ್ಯಾಸ ಮಾಡುತ್ತಿದ್ದೆವು. ಮೂರನೆಯ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ತಲೆ ಬಗ್ಗಿಸಿ ಏನನ್ನೋ ಗೀಚುತ್ತಿದ್ದಳು. ಹೋಗಿ ಕಾಗದವನ್ನು ಸೆಳೆದುಕೊಂಡೆವು. ಅದರಲ್ಲಿದ್ದವರು ನಾವೇ: ಮೂಗಿನ ತುದಿಗೆ ಜಾರಿದ ಕನ್ನಡಕ, ಬಾಗಿದ ಬೆನ್ನು, ಮೇಲೆತ್ತಿದ ಒಂದು ಬೆರಳು. ನಾಲ್ಕೈದು ಗೆರೆಗಳಲ್ಲಿ ನಾವು ಇದ್ದಂತೆಯೇ ಇದ್ದೆವು. ಅದು ಚೆನ್ನಾಗಿದೆಯೆಂಬುದು ನಮಗೆ ಆ ಕ್ಷಣವೇ ತಿಳಿದಿತ್ತು. ತಿಳಿದೇ ಅದನ್ನು ಮುದುರಿ ಕಿಟಕಿಯಿಂದಾಚೆಗೆ ಎಸೆದೆವು. ತರಗತಿಯವರು ನಕ್ಕರು. ಆ ಹುಡುಗಿ ವರ್ಷ ಪೂರ್ತಿ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದು ಪಾಠ ಕೇಳಿದಳು. ಮತ್ತೆ ಅವಳ ಕೈಯಲ್ಲಿ ನಾವು ಪೆನ್ಸಿಲನ್ನು ಕಾಣಲಿಲ್ಲ. ಉಯ್ಯಂಬಳ್ಳಿಯ ಹುಡುಗನು ಕಂಬಕ್ಕೆ ಒರಗಿ ನೋಡುತ್ತಿದ್ದಾಗ ನಮಗೆ ಬಾಯಿ ಬಾರದಿದ್ದುದು ಇದರಿಂದ.

ಆ ದಿನ ಸಂಜೆ, ದನಗಳಿಗೆ ಕಿಚ್ಚು ಹಾಯಿಸಿ ಬಂದ ಮೇಲೆ, ಅವನ ತಂದೆಯನ್ನು ಕೂರಿಸಿಕೊಂಡು ನಮಗೆ ತೋರಿದುದನ್ನು ಹೇಳಿದೆವು. ಲೆಕ್ಕದ ಪುಸ್ತಕ ಲೆಕ್ಕಕ್ಕೇ ಇರಲಿ. ಉಪಾಧ್ಯಾಯರ ಮಾತು ಅಷ್ಟರಮಟ್ಟಿಗೆ ಸರಿ. ಚಿತ್ರಕ್ಕೆ ಗೆರೆಯಿಲ್ಲದ ಇನ್ನೊಂದು ಪುಸ್ತಕವನ್ನು ಕೊಡಿಸು. ಕ್ಯಾಲೆಂಡರಿನ ದೇವರನ್ನು ನೋಡಿ ಬರೆ ಎಂದು ಹೇಳಬೇಡ. ಕೊಟ್ಟಿಗೆಯ ಎತ್ತನ್ನು ನೋಡಿ ಬರೆಯಲಿ, ರಬ್ಬರು ಕೊಡಬೇಡ. ಬೆಳಗ್ಗೆ ಅಜ್ಜಿಯ ಪಕ್ಕದಲ್ಲಿ ಕುಳಿತು ರಂಗೋಲೆ ಇಡಲಿ. ಕಡೆಯ ಮಾತಿಗೆ ತಂದೆಯು ನಕ್ಕು, “ಗಂಡುಡ್ಗ ರಂಗೋಲೆ ಬುಡೋದಾ ಭಾವ?” ಎಂದನು. ಒಳಗಿನಿಂದ ಅತ್ತೆಯವರ ಧ್ವನಿ ಬಂದಿತು: “ಕೂತ್ಕಳ್ಲಿ ಬುಡ್ಲಾ, ನಂಗೂ ಈಗ ಚುಕ್ಕಿ ಲೆಕ್ಕ ತಪ್ತದೆ.”

ಮರುದಿನ ಬೆಂಗಳೂರಿನ ಬಸ್ಸಿಗೆಂದು ನಾವು ಹೊರಟಾಗ ಅಂಗಳದಲ್ಲಿ ಇಬ್ಬರೂ ಕುಳಿತಿದ್ದರು. ನಡುಸಾಲಿನಲ್ಲಿ ಹದಿನೈದು ಚುಕ್ಕಿ, ಎಂಟರವರೆಗೆ ಇಳಿಸಬೇಕು. ಹುಡುಗನು ಎಣಿಸಿ ನೋಡಿ, ಅಜ್ಜಿ ಹದಿನಾಲ್ಕೇ ಇಟ್ಟಿದ್ದಾಳೆಂದು ಜಗಳ ತೆಗೆದಿದ್ದನು.